ಐದು ಅಂಕ ಮೀರಿದ ನೆಮ್ಮದಿಯ ಕುರಿತು

ಸಂಖ್ಯೆ: ರಕ್ತನಾಳ/ಎಡಗಾಲು/ಬಲಗಾಲು/೧೭

ವಿಷಯ: ಕಾಲಿನ ರಕ್ತನಾಳ ಉಬ್ಬಿ ಬಳಲುತ್ತಿರುವ ಹಿರಿಯರ ಜೀವನ ಗುಣಮಟ್ಟವನ್ನು ಸೊನ್ನೆಯಿಂದ ಐದರೊಳಗೆ ಅಳೆಯುವ ಬಗ್ಗೆ.

ಉಲ್ಲೇಖ: ಕಳೆದ ಸೋಮವಾರ ನಾಲ್ಕನೇ ಕೊಠಡಿಯಲ್ಲಿ ನಡೆದ ಘಟನೆ.

ಸಮೀಕ್ಷೆಯ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂಬ ಪ್ರಶ್ನೆಗೆ ನಿಖರ ಉತ್ತರ ದೊರೆಯಲೆಂದು ಹಿರಿಯರನ್ನು ಎರಡು ಗಂಟೆ ಸಾಲಿನಲ್ಲಿ ನಿಲ್ಲಿಸಲಾಗುತ್ತಿದ್ದು, ಸದರಿ ಪದ್ಧತಿಯನ್ನು ಮುಂದುವರಿಸತಕ್ಕದ್ದು.

೨. ಕಾಲು ಎಷ್ಟು ತೊಂದರೆ ಕೊಟ್ಟಿದೆ ಎಂದು ಸಮೀಕ್ಷಾ ಸಹಾಯಕಿಯು ಕೇಳಲಾಗಿ, ನಿವೃತ್ತ ಬಸ್ ಕಂಡಕ್ಟರೊಬ್ಬರು, "ಅದೇನಮ್ಮ ತೊಂದರೆ ಕೊಡುತ್ತೆ, ಮೂವತ್ತಾರು ವರ್ಷ ನಿಲ್ಲಿಸಿ ನಾನೇ ಅದಕ್ಕೆ ಕೊಟ್ಟಿದ್ದೀನಿ" ಎಂದಿರುತ್ತಾರೆ. ಕಾಲಿನ ಪರವಾದ ಹೇಳಿಕೆಗಳನ್ನು, ಕಾಲು ಖುದ್ದು ಹಾಜರಿದ್ದರೂ, ಸ್ವೀಕರಿಸತಕ್ಕದ್ದಲ್ಲ.

೩. ಅವರ ಹಿಂದೆ ನಿಂತಿದ್ದ ನಿವೃತ್ತ ಶಿಕ್ಷಕಿಯು ನಮೂನೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, "ಏಳನೇ ಪ್ರಶ್ನೆ ಅರ್ಥವಾಗುವಂತೆ ಬರೆದು ತಾ" ಎಂದು ಷರಾ ಹಾಕಿ, ಇಲಾಖೆಗೆ ಹತ್ತಕ್ಕೆ ಮೂರು ಅಂಕ ನೀಡಿರುತ್ತಾರೆ. ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಲಾಗಿದೆ.

೪. ಸದರಿ ಶಿಕ್ಷಕಿಯು ಸಮೀಕ್ಷಾ ಸಹಾಯಕಿಯನ್ನು, "ಪಕ್ಕದ ಬೀದೀಲಿ, ಮೂರನೇ ಮಹಡೀಲಿ ನಮ್ಮಕ್ಕ ಇದ್ದಾಳೆ. ಅವಳಿಗೂ ಇದೇ ಕಾಲು. ಅವಳು ಇಳಿಯಲ್ಲ, ನಾನು ಹತ್ತಲ್ಲ. ಮುಖ ನೋಡಿ ಎರಡು ವರ್ಷ ಆಯ್ತು. ಇದನ್ನ ಯಾವ ಕಾಲಂನಲ್ಲಿ ಬರೀತೀಯಮ್ಮ?" ಎಂದು ಕೇಳಿರುತ್ತಾರೆ. ಅಂಥ ಕಾಲಂ ಇರುವುದಿಲ್ಲ. ಸಹಾಯಕಿಯು ಪೆನ್ನಿನ ಮುಚ್ಚಳ ಹಾಕಿದ್ದು ಅಶಿಸ್ತು.

೫. ತದನಂತರ, ಅಧೀಕ್ಷಕರು ಚಹಾಕ್ಕೆ ಎದ್ದ ಸಮಯ ನೋಡಿ ಅವರ ಕುರ್ಚಿಯನ್ನು ಅನುಮತಿಯಿಲ್ಲದೆ ಹೊರತಂದು, ಶಿಕ್ಷಕಿಯನ್ನು ಕೂರಿಸಿ, ಸಹಾಯಕಿಯೂ ಜವಾನನೂ ಅಕ್ಕನ ಮನೆಗೆ ಹೊತ್ತೊಯ್ದಿರುವುದು ಹಾಗೂ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಕಂಡಕ್ಟರ್ ಕೆಳಗಿನಿಂದ "ರೈಟ್, ರೈಟ್" ಎಂದಿರುವುದು ವಿಚಾರಣೆಯಲ್ಲಿ ದೃಢಪಟ್ಟಿದೆ.

೬. ಬಾಗಿಲು ತೆಗೆದ ಅಕ್ಕನವರು, "ಬಂದ್ಯಾ? ಚಪ್ಪಲಿ ಅಲ್ಲೇ ಬಿಡು" ಎಂದಷ್ಟೇ ಹೇಳಿ ಅತ್ತಿರುತ್ತಾರೆ. ಬಳಿಕ ನಾಲ್ಕೂ ಕಾಲುಗಳನ್ನು ಒಂದೇ ದಿಂಬಿನ ಮೇಲಿಟ್ಟು ಇಬ್ಬರೂ ಸಂಜೆಯವರೆಗೆ ಇಲಾಖೆಯನ್ನು ಬೈದಿರುತ್ತಾರೆ. ಆಗ ಸಹಾಯಕಿಯು ಶಿಕ್ಷಕಿಯ ನಮೂನೆಯಲ್ಲಿ ಐದಕ್ಕೆ "ಹನ್ನೊಂದು" ಎಂದು ನಮೂದಿಸಿದ್ದು ಗಂಭೀರ ಲೋಪ.

೭. ಐದಕ್ಕೆ ಮೀರಿದ ನೆಮ್ಮದಿಯನ್ನು ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು. ಹೆಚ್ಚುವರಿ ಆರು ಅಂಕ ಇನ್ನೂ ಬಂದಿಲ್ಲ. ಶಿಕ್ಷಕಿ ಕೆಳಗಿಳಿದಿಲ್ಲ. ನೋಟಿಸ್ ಹಿಡಿದು ಹತ್ತಿದ ಜವಾನನೂ ಅಲ್ಲೇ ಉಳಿದಿರುತ್ತಾನೆ.

ಸಹಿ/-
ಅಧೀಕ್ಷಕರು
(ನಿಂತುಕೊಂಡೇ ಸಹಿ ಮಾಡಲಾಗಿದೆ)

ಪ್ರತಿಗಳು:
ಸಮೀಕ್ಷಾ ಸಹಾಯಕಿಗೆ: ಕಾರಣ ಕೇಳಿ.
ಶಿಕ್ಷಕಿಯವರಿಗೆ: ತಿದ್ದದೆ ಓದಲು ಕೋರಿ.
ಅಕ್ಕನವರಿಗೆ: ಕುರ್ಚಿ ಸದ್ಯ ಅಲ್ಲೇ ಇರಲಿ. ಅಧೀಕ್ಷಕರು ಖುದ್ದು ಬರಲಿದ್ದಾರೆ. ಇನ್ನೊಂದು ದಿಂಬು ಸಿದ್ಧವಿಡತಕ್ಕದ್ದು.