ನಾನು ಹೊಲಿದ ದೈತ್ಯನ ಫಿಟ್ಟಿಂಗು

ಕಲಿತವರು ಗೊತ್ತಿಲ್ಲದ ವಿಷಯ ಬಂದಾಗ ಸುಮ್ಮನಿರುವುದನ್ನೂ ಕಲಿತಿರುತ್ತಾರೆ. ಆರನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಆ ಪಾಠದವರೆಗೆ ಹೋಗಲಿಲ್ಲ. ಹಾಗಾಗಿ ಮಾನ್ವಿಯ ನನ್ನ ಟೇಲರಿಂಗ್ ಅಂಗಡಿಯಲ್ಲಿ ಮಿಷನ್ ತುಳಿಯುತ್ತ ಎಲ್ಲದರ ಬಗ್ಗೆಯೂ ತೀರ್ಪು ಕೊಡುತ್ತೇನೆ. ಸಿನಿಮಾದ ದೈತ್ಯ ಪ್ರಾಣಿಗಳ ಬಗ್ಗೆಯಂತೂ ನನ್ನದೇ ಕೊನೆಯ ಮಾತು. ತನ್ನ ಪ್ಯಾಂಟು ನನ್ನ ಕತ್ತರಿಯ ಕೆಳಗಿರುವಾಗ ಯಾವ ಗಿರಾಕಿ ಎದುರಾಡುತ್ತಾನೆ?

ಹೋದ ತಿಂಗಳು ಮಗಳು ರೇಣುಕಾಳ ಜೊತೆ ರಾಯಚೂರಿಗೆ ಹೋಗಿ ಅಂಥದೊಂದು ಹೊಸ ಚಿತ್ರ ನೋಡಿದೆ. ಮುಗಿಲೆತ್ತರದ ಪ್ರಾಣಿ, ಮೈಮೇಲಿನ ಒಂದೊಂದು ಹುರುಪೆಯೂ ಹೊಳೆಯುತ್ತಿತ್ತು, ಕಟ್ಟಡಗಳು ಹಪ್ಪಳದಂತೆ ಮುರಿಯುತ್ತಿದ್ದವು. ನನಗೆ ತೂಕಡಿಕೆ ಬಂತು. ಚಿಕ್ಕವನಿದ್ದಾಗ ದೇವದುರ್ಗದ ಟೆಂಟ್ ಟಾಕೀಸಿನಲ್ಲಿ ನೋಡಿದ ದೈತ್ಯನೇ ಬೇರೆ. ಅದರ ವೇಷದೊಳಗೆ ಒಬ್ಬ ಮನುಷ್ಯ ಬೆವರುತ್ತಿದ್ದ. ಮೊಣಕಾಲಲ್ಲಿ ನೆರಿಗೆ, ಬೆನ್ನ ಹೊಲಿಗೆ ಸೊಟ್ಟ. ರಟ್ಟಿನ ಊರು ತುಳಿಯಲು ಅವನು ಪಾಪ, ಕಷ್ಟಪಟ್ಟು ಕಾಲೆತ್ತುತ್ತಿದ್ದ. ಆ ಭಾರಕ್ಕೇ ನಮ್ಮ ಎದೆ ನಡುಗುತ್ತಿತ್ತು. ಆಮೇಲೆ ಒಂದು ವಾರ ನಾನು ಕೃಷ್ಣೆಯ ದಂಡೆಗೆ ಹೋಗಲಿಲ್ಲ. ಅಲ್ಲಿ ಮೊಸಳೆಗಳಿದ್ದವು ನಿಜ, ಆದರೆ ನಾನು ಹೆದರಿದ್ದು ಅವಕ್ಕಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಹೇಳಿದೆ: "ಕಂಪ್ಯೂಟರಿನ್ಯಾಗ ಹುಟ್ಟಿದ್ದು ಏನ್ ದೈತ್ಯ ಯವ್ವಾ? ದರ್ಜಿ ಕೈಯಾಗ ಹುಟ್ಟಿದ್ದೇ ಖರೇ ದೈತ್ಯ."

"ಹಂಗಾದ್ರ ನೀನೇ ಒಂದು ಹೊಲಿ ಯಪ್ಪಾ," ಎಂದಳು. "ಸಾಲಿ ಗ್ಯಾದರಿಂಗಿನ್ಯಾಗ ನಮ್ಮ ನಾಟಕಕ್ಕ ದೈತ್ಯ ಬೇಕಾಗ್ಯದ. ನಾನೇ ಹಾಕ್ಕೋತೀನಿ. ಯಾರೂ ಅಂಜಲಿಲ್ಲಂದ್ರ ಎಲ್ಲಾರ ಮುಂದ ನನ್ನ ಮಾನ ಹೋಗ್ತದ, ನೆನಪಿಟ್ಕೋ."

ನಾನು ಅಳತೆ ತೆಗೆದುಕೊಳ್ಳಬಾರದಿತ್ತು, ತಪ್ಪಿದ್ದು ಅಲ್ಲೇ. ಟೇಪು ಹಿಡಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಎದೆ, ಸೊಂಟ, ತೋಳು ಎಲ್ಲ ಬರೆದುಕೊಂಡು ಹಸಿರು ಸೂಟಿಂಗ್ ಬಟ್ಟೆ ಕತ್ತರಿಸಿದೆ. ಭುಜ ನೆಟ್ಟಗೆ ನಿಲ್ಲಲೆಂದು ಒಳಗೆ ಕ್ಯಾನ್ವಾಸ್ ಕೊಟ್ಟೆ. ಬಾಲವನ್ನು ಹನ್ನೆರಡು ತುಂಡುಗಳಲ್ಲಿ ಜೋಡಿಸಿ ಇಸ್ತ್ರಿ ಮಾಡಿದೆ. ಬೆನ್ನಿಗೆ ಸೊಟ್ಟ ಹೊಲಿಗೆ ಹಾಕಲು ಎರಡು ಸಲ ನೋಡಿದೆ, ಎರಡು ಸಲವೂ ಬಿಚ್ಚಿ ನೆಟ್ಟಗೆ ಹೊಲಿದೆ. ಎರಡು ಜೇಬನ್ನೂ ಇಟ್ಟೆ.

ಹೆಂಡತಿ ಹುಲಿಗೆಮ್ಮ ನೋಡಿ, "ಏನ್ರೀ, ಇದು ಊರು ತುಳಿಯಾಕ ಹೊಂಟದೋ, ಕನ್ಯಾ ನೋಡಾಕ ಹೊಂಟದೋ?" ಎಂದಳು.

"ನಿನಗ ಸಿನಿಮಾ ತಿಳಿಯಂಗಿಲ್ಲ, ಸುಮ್ನಿರು," ಎಂದೆ.

ಶಾಲೆಯ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ ದಿನ ರೇಣುಕಾ ವೇದಿಕೆಗೆ ಬಂದು ಗರ್ಜಿಸಿದಳು. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದವು. ಮತ್ತೆ ಗರ್ಜಿಸಿದಳು, ಒಂದು ಕೂಸು ಕೈ ಬೀಸಿ ಕರೆಯಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಲ್ಲಟ ಊರಿನ ಹಿರಿಯರೊಬ್ಬರು, ಅದು ನನ್ನ ಕೈಕೆಲಸವೆಂದು ತಿಳಿಯದೆ, "ಏನ್ ಫಿಟ್ಟಿಂಗ್ ಅದರೀ! ಭುಜದ ಹತ್ರ ಒಂದು ನೆರಿಗಿಲ್ಲ," ಎಂದರು. ಮಗಳ ಮಾನ ಹೋಗುತ್ತಿರುವ ಹೊತ್ತಿನಲ್ಲಿ ನನ್ನ ಎದೆ ಉಬ್ಬಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅವಳು ಗರ್ಜನೆ ಬಿಟ್ಟು, ಎರಡೂ ಜೇಬಿಗೆ ಕೈ ಹಾಕಿ, ಲಗ್ನದ ಬೀಗನಂತೆ ರಟ್ಟಿನ ಊರಿನ ನಡುವೆ ಅಡ್ಡಾಡಿದಳು. ಜನ ಬಿದ್ದು ಬಿದ್ದು ನಕ್ಕರು. ಅವಳ ಮಾನ ಉಳಿಯಿತು. ನನ್ನ ಸಿದ್ಧಾಂತ ಉಳಿಯಲಿಲ್ಲ.

"ಅಂಜಸಬೇಕಂದ್ರ ಒಂದೀಟು ಕೆಟ್ಟ ಹೊಲಿಯಾಕ ಬರಬೇಕು ಯಪ್ಪಾ," ಎಂದಳು ಮನೆಗೆ ಬರುವಾಗ. "ನಿನಗ ಅದು ಬರಂಗಿಲ್ಲ." ಬೈದಳೋ ಹೊಗಳಿದಳೋ, ಇನ್ನೂ ಯೋಚಿಸುತ್ತಿದ್ದೇನೆ.

ಮರುದಿನ ಮಲ್ಲಟದ ಆ ಹಿರಿಯರು ದೈತ್ಯನನ್ನು ಹೊಲಿದವರ ವಿಳಾಸ ಕೇಳಿಕೊಂಡು, ಮದುವೆಗೆ ನಿಂತ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು.

"ನಿನ್ನಿ ದೈತ್ಯಗ ಹೊಲಿದಿದ್ರಲ್ಲರೀ, ಹಂಗೇ ಇವಗೊಂದು ಸೂಟ್ ಆಗಬೇಕು. ಬಾಲ ಒಂದು ಬ್ಯಾಡ."

ಟೇಪು ಕೈಗೆತ್ತಿಕೊಂಡೆ. ಆದರೂ ಸ್ವಲ್ಪ ಬೇಜಾರಾಯಿತು. ನಾನು ಹೆಚ್ಚು ಕಷ್ಟಪಟ್ಟದ್ದು ಬಾಲಕ್ಕೇ.