ತೊಟ್ಟಿಲ ಕೊಂಡಿಗೆ ತೂಗುಬಿದ್ದ ಎಂಜಿನ್

ಬೇರೆಯವರ ಮನೆಯಲ್ಲಿ ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ, ರಿಪೇರಿಯಾಗಿ ಬರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಯಾವ ಕೆಲಸವೂ ಹಾಗೆ ತೆಪ್ಪಗೆ ಮುಗಿದದ್ದಿಲ್ಲ. ಒಂದು ನಟ್ಟು ಬಿಚ್ಚಿದರೂ ಓಣಿಯವರೆಲ್ಲ ಬಂದು ನಿಲ್ಲುತ್ತಾರೆ, ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಪ್ಪ ಅಕ್ಕಿ ಗಿರಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದರು. ಅವರ ಜೊತೆ ಓಡಾಡಿ ನನಗೂ ಅದೇ ಹುಚ್ಚು ಹಿಡಿದು ಮೆಕ್ಯಾನಿಕಲ್ ಡಿಪ್ಲೊಮಾ ಓದಿದೆ. ಕೊನೆಗೆ ವರ್ಕ್‌ಶಾಪು ಅಣ್ಣನಿಗೆ ಹೋಯಿತು, ನಾನು ಬಳ್ಳಾರಿಯ ಗಾಂಧಿನಗರಕ್ಕೆ ಸೊಸೆಯಾಗಿ ಬಂದೆ. ನಮ್ಮನೆಯವರದು ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ. ಅಲ್ಲಿಯ ಹೊಲಿಗೆ ಯಂತ್ರಗಳನ್ನು ನೋಡಿಕೊಳ್ಳುವವಳು ನಾನು. ಆದರೆ ಒಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ, ನನ್ನ ಕೈಯಾರೆ ಜೋಡಿಸಿ, ಮೊದಲಿಗಿಂತ ಜೋರಾಗಿ ಓಡಿಸಬೇಕು ಅನ್ನುವ ಆಸೆ ಹಾಗೇ ಉಳಿದಿತ್ತು. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಜಾಗವೂ ಆಯಿತು, ಹೊತ್ತೂ ಸಿಕ್ಕಿತು. ತೀರಿಕೊಂಡ ಮಾವನವರ ಹಳೆಯ ಸಣ್ಣ ಕಾರು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಕುರುಗೋಡಿನ ಹತ್ತಿರದ ಬಯಲಿನಲ್ಲಿ ಕಾರಿನ ಹುಚ್ಚಿರುವ ಕೆಲವು ಹುಡುಗರು, ಮನೆಯಲ್ಲೇ ಸಿದ್ಧಮಾಡಿದ ಗಾಡಿಗಳ ಓಟ ನಡೆಸುತ್ತಾರೆಂದು ಕೇಳಿದ್ದೆ. ಅದರಲ್ಲಿ ಓಡಿಸುವುದೆಂದು ತೀರ್ಮಾನಿಸಿದೆ. ಗಾಡಿಗೆ ಟರ್ಬೊ ಕೂಡಿಸುವುದು ಅಂತಲೂ.

ಅಣ್ಣ ಫೋನಿನಲ್ಲಿ ನಕ್ಕ. ಅದು ಹೊಲಿಗೆ ಮಿಷನ್ ಅಲ್ಲ, ಸುಮ್ಮನಿರು ಅಂದ. ನಮ್ಮನೆಯವರು ಬೇಡ ಅನ್ನಲಿಲ್ಲ, ಬೇಡ ಅನ್ನುವ ಮುಖ ಮಾತ್ರ ಮಾಡಿಕೊಂಡರು. ಕಾರು ಮಾವನವರದಾದ್ದರಿಂದ ಅತ್ತೆಯನ್ನು ಕೇಳಬೇಕಿತ್ತು. ಅವರು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ ಹೇಳಿದರು.

"ಅವರು ಇದ್ದಾಗ ಅದು ಎತ್ತಿನ ಬಂಡಿಗಿಂತ ಜೋರು ಓಡ್ಲಿಲ್ಲ. ಈಗರ ಓಡ್ಲಿ ಬಿಡು."

ತೊಟ್ಟಿಲು

ಎಂಜಿನ್ ಇಳಿಸಲು ಮೇಲಿನಿಂದ ಎತ್ತುವಂಥದ್ದೊಂದು ಬೇಕು. ನಮ್ಮ ಹಳೇ ಮನೆಯ ವರಾಂಡದಲ್ಲಿ ಕಬ್ಬಿಣದ ತೊಲೆ ಇದೆ, ಅದರಲ್ಲಿ ಮಗಳ ತೊಟ್ಟಿಲು ಕಟ್ಟಿದ್ದ ದಪ್ಪ ಕೊಂಡಿಯೂ ಇದೆ. ಕಾರಿನ ಮೂತಿಯನ್ನು ವರಾಂಡದೊಳಕ್ಕೆ ನೂಕಿ, ಕೊಂಡಿಗೆ ಚೈನ್ ಪುಲ್ಲಿ ಹಾಕಿ ಎಂಜಿನ್ ಎತ್ತಿದೆ. ಅದನ್ನು ಕೂಡಿಸಲು ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡುತ್ತೇನೆಂದ ವೆಲ್ಡಿಂಗ್‌ನವನು ಬರಲಿಲ್ಲ. ಎಂಜಿನ್ ಅಲ್ಲೇ ನೇತಾಡುತ್ತ ಉಳಿಯಿತು. ಬಳ್ಳಾರಿಯ ಧೂಳು ನಿಮಗೆ ಗೊತ್ತಲ್ಲ, ಅತ್ತೆಯ ಹಳೆಯ ನೂಲಿನ ಸೀರೆ ಸುತ್ತಿದೆ.

ಅದರ ಆ ಬದಿಯ ಬೋಲ್ಟು ನೋಡಬೇಕಾದಾಗ ನಾನು ಕೆಳಗೆ ಕೂತು ಮೆಲ್ಲಗೆ ಕೈಯಿಂದ ತಿರುಗಿಸುತ್ತಿದ್ದೆ. ಎದುರು ಮನೆಯಾಕೆ ತನ್ನ ಮಾಳಿಗೆಯ ಮೇಲಿಂದ ಇದನ್ನು ನೋಡಿದ್ದಾಳೆ. ಸೀರೆ ಸುತ್ತಿದ ಗಂಟು, ತೊಟ್ಟಿಲ ಕೊಂಡಿ, ಕೆಳಗೆ ಕೂತು ತೂಗುತ್ತಿರುವ ನಾನು. ಸಂಜೆಯೊಳಗೆ ಓಣಿಯೆಲ್ಲ ಸುದ್ದಿ: ಮಗಳನ್ನು ಹಾಸ್ಟೆಲ್ಲಿಗೆ ಕಳಿಸಿ ಬೇಸರವಾಗಿ ಇವರು ಕೂಸು ದತ್ತು ತಗೊಂಡಾರಂತ.

ಮಾರನೆಯ ದಿನ ನಾನು ಗ್ರೀಸಿನ ಕೈಯಲ್ಲಿ ಬಾಗಿಲು ತೆರೆದರೆ ಹೆಂಗಸರ ದಂಡು. ಒಬ್ಬರ ಕೈಯಲ್ಲಿ ಸಕ್ಕರೆ, ಒಬ್ಬರ ಕೈಯಲ್ಲಿ ಕುಬಸದ ಖಣ, ಎದುರು ಮನೆಯಾಕೆಯ ಕೈಯಲ್ಲಿ ಕೂಸಿನ ತಲೆಗೆಂದು ತಾನೇ ಹೆಣೆದ ಉಣ್ಣೆಯ ಕುಲಾಯಿ. ಹೆಣ್ಣೋ ಗಂಡೋ ಅಂತ ಪಿಸುಮಾತಿನಲ್ಲಿ ಕೇಳಿದರು, ಮಲಗಿದ ಕೂಸು ಎದ್ದೀತೆಂದು. ನನಗೆ ಏನೂ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಹೋಗಿ ಸೀರೆಯ ಒಂದು ತುದಿ ಸರಿಸಿದರು. ಕರಿ ಎಂಜಿನ್ನಿನಿಂದ ಒಂದು ಹನಿ ಆಯಿಲ್ ನೆಲಕ್ಕೆ ಬಿತ್ತು.

ಅತ್ತೆಯೇ ಸಮಾಧಾನದ ದನಿಯಲ್ಲಿ ಹೇಳಿದರು.

"ಈಗರ ಎಣ್ಣಿ ಹಚ್ಚೀವಿ. ನೀರು ಎರಿಯೋದು ಇನ್ನೂ ಐತಿ."

ಕುಲಾಯಿಯನ್ನು ಎದುರು ಮನೆಯಾಕೆ ವಾಪಸ್ ಒಯ್ಯಲಿಲ್ಲ. ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿಗೆ, ಧೂಳು ಹೋಗದಂತೆ, ಅದು ಅಳತೆ ತಗೊಂಡು ಹೆಣೆದ ಹಾಗೆ ಕೂತಿತು.

ಕಂಪ್ರೆಷನ್

ಎಂಜಿನ್ ಬಿಚ್ಚಿಟ್ಟ ಮನೆಗೆ ಸಲಹೆ ಕೊಡುವವರು ತಾವಾಗಿಯೇ ಬರುತ್ತಾರೆ. ಹಾಲು ಹಾಕುವವರು, ಎರಡು ಮನೆ ಆಚೆಯ ನಿವೃತ್ತ ಹೆಡ್‌ಮಾಸ್ತರು, ಕಂಟೋನ್ಮೆಂಟ್‌ನಿಂದ ವಾಕಿಂಗಿಗೆ ಬರುವ ಇಬ್ಬರು. ಎಲ್ಲರೂ ನಿಂತು ನೋಡುತ್ತಾರೆ. ಪಿಸ್ಟನ್ ಕೈಯಲ್ಲಿ ಹಿಡಿದು ಕೂತವಳು ನಾನು. ಪ್ರಶ್ನೆ ಮಾತ್ರ ಕುರ್ಚಿಯಲ್ಲಿ ಪೇಪರು ಓದುತ್ತಿರುವ ನಮ್ಮನೆಯವರಿಗೆ.

ಅವರಿಗೆ ಜಿಪ್ಪು, ಗುಂಡಿ, ಹೊಲಿಗೆ ಬಿಟ್ಟರೆ ಬೇರೆ ಗೊತ್ತಿಲ್ಲ. ಮೊದಮೊದಲು ಪಾಪ, ನನ್ನ ಕಡೆ ಕೈ ತೋರಿಸುತ್ತಿದ್ದರು. ಬಂದವರು ನಕ್ಕು, ಮತ್ತೆ ಅವರನ್ನೇ ಕೇಳುತ್ತಿದ್ದರು. ಕೊನೆಗೆ ನಾನೇ ಒಂದು ಮಾತು ಕಲಿಸಿದೆ. ಯಾರು ಏನು ಕೇಳಿದರೂ "ಮೊದ್ಲು ಕಂಪ್ರೆಷನ್ ನೋಡ್ಬೇಕ್ರಿ" ಅನ್ನಿ, ಸಾಕು ಅಂದೆ. ಎಂಜಿನ್ನಿನೊಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ ಅನ್ನುವುದಷ್ಟೇ ಅದರ ಅರ್ಥ.

ಅದು ಎಂಥಾ ಕೆಲಸ ಮಾಡಿತೆಂದರೆ! ರಿಂಗು ಯಾವುದು ಹಾಕಿದ್ರಿ ಅಂದರೂ ಕಂಪ್ರೆಷನ್, ಟರ್ಬೊ ತಡೀತದಾ ಅಂದರೂ ಕಂಪ್ರೆಷನ್. ಹೆಡ್‌ಮಾಸ್ತರು ತಲೆದೂಗಿ, ಇಷ್ಟು ವರ್ಷ ಬಟ್ಟೆ ವ್ಯಾಪಾರದಲ್ಲಿ ಈ ಮನುಷ್ಯ ವ್ಯರ್ಥವಾದ ಅಂತ ನನ್ನ ಹತ್ತಿರವೇ ಮರುಗಿದರು. ನಮ್ಮನೆಯವರಿಗೂ ರುಚಿ ಹತ್ತಿತು. ಮಾತಿಗೆ ಮುಂಚೆ ಕನ್ನಡಕ ತೆಗೆದು ಒರೆಸುವುದನ್ನೂ ಸೇರಿಸಿಕೊಂಡರು.

ಒಂದು ಮಧ್ಯಾಹ್ನ ಹುಬ್ಬಳ್ಳಿಯ ಸಗಟು ವ್ಯಾಪಾರಿ ಫೋನ್ ಮಾಡಿದ. ಪ್ಯಾಂಟಿನ ಆರ್ಡರು ಯಾಕೆ ತಡವಾಯಿತು ಅಂತ ಸಿಟ್ಟಿನಲ್ಲಿ ಕೇಳಿದ. ನಮ್ಮನೆಯವರು ಕನ್ನಡಕ ತೆಗೆದದ್ದು ನೋಡಿ ನಾನು ಬೇಡ ಬೇಡವೆಂದು ಕೈ ಆಡಿಸುತ್ತ ಓಡಿದೆ. ತಡೆಯುವಷ್ಟರಲ್ಲಿ ಬಾಯಿಂದ ಬಂದೇಬಿಟ್ಟಿತು.

"ಮೊದ್ಲು ಕಂಪ್ರೆಷನ್ ನೋಡ್ಬೇಕ್ರಿ."

ವ್ಯಾಪಾರಿ ತಗ್ಗಿದ ದನಿಯಲ್ಲಿ, "ಹಂಗಿದ್ರ ಇನ್ನೊಂದು ವಾರ ತಗಳ್ರಿ. ಗಡಿಬಿಡಿ ಮಾಡಿ ಕೆಡಿಸಬ್ಯಾಡ್ರಿ" ಅಂದ.

ಬಸ್ಸಿನಲ್ಲಿ ಬಂದದ್ದು

ಟರ್ಬೊ ಅಂದರೆ ಅಂಥ ಮಾಯೆಯೇನಲ್ಲ. ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ, ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ, ಗಾಡಿ ಜೋರಾಗುತ್ತದೆ. ನೋಡಲು ಥೇಟು ದೊಡ್ಡ ಶಂಖದ ಹಾಗೆ, ಸುರುಳಿ ಸುತ್ತಿಕೊಂಡಿರುತ್ತದೆ.

ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ನನ್ನ ಅಳತೆಯದು ಸಿಗಲಿಲ್ಲ. ನಕ್ಕಿದ್ದ ಅಣ್ಣನೇ ಸಿರುಗುಪ್ಪದಲ್ಲಿ ಒಂದು ಹಳೇ ಡೀಸೆಲ್ ಕಾರಿನದು ಹುಡುಕಿ ಇಟ್ಟ. ಅತ್ತೆ ತಮ್ಮ ತವರು ಸಿರಿಗೇರಿಗೆ ಹೋಗಿದ್ದರು. ಹೇಗೂ ಅಲ್ಲಿಯವರೆಗೆ ಹೋದವರು ಸಿರುಗುಪ್ಪಕ್ಕೂ ಹೋಗಿ ತನ್ನಿರೆಂದು ಕೇಳಿಕೊಂಡೆ. ಅಣ್ಣ ಅದನ್ನು ಚೆನ್ನಾಗಿ ತೊಳೆದು, ಲಾರಿಯ ಹೊರಗೆ ಚಾಚಿದ ಸರಳಿಗೆ ಕಟ್ಟುತ್ತಾರಲ್ಲ, ಅಂಥ ಒಂದು ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಾನೆ.

ಬಸ್ಸು ತುಂಬಿ ತುಳುಕುತ್ತಿತ್ತಂತೆ. ಅತ್ತೆ ಆ ಭಾರವನ್ನು ಎದೆಗವಚಿಕೊಂಡು ನಿಂತರು, ಕೆಳಗೆ ಇಟ್ಟರೆ ಯಾರಾದರೂ ಕಾಲು ತಾಗಿಸಿಯಾರೆಂಬ ಭಯ. ಅದನ್ನೇ ಬಾಯಿಬಿಟ್ಟು ಹೇಳಿದ್ದಾರೆ, "ಕಾಲು ತಾಗಿಸಬ್ಯಾಡ್ರಪ್ಪಾ" ಅಂತ. ಕೆಂಪು ಬಟ್ಟೆಯ ಸಂದಿನಿಂದ ಹೊಳೆಯುವ ಸುರುಳಿ ಕಾಣುತ್ತಿತ್ತು. ಒಬ್ಬ ಎದ್ದು ಸೀಟು ಬಿಟ್ಟ. ಪಕ್ಕದಾಕೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನ ಸೀಟಿನಿಂದ ಮಲ್ಲಿಗೆ ಮೊಳ ಬಂತು. ಕಂಡಕ್ಟರು ಲಗೇಜಿನ ಮಾತೆತ್ತಲೇ ಇಲ್ಲ, ಎಲ್ಲಿ ಪ್ರತಿಷ್ಠಾಪನೆ ಅಂತ ಕೇಳಿದ. ಅತ್ತೆ ಇದ್ದದ್ದನ್ನೇ ಹೇಳಿದರು: ಗಾಂಧಿನಗರದಾಗ, ನಮ್ಮ ಸೊಸಿ ಕೂಡಸ್ತಾಳ.

ಮನೆಗೆ ಬಂದಾಗ ಟರ್ಬೊದ ಮೈತುಂಬ ಅರಿಶಿನ ಕುಂಕುಮ, ಕೊರಳಿಗೆ ಮಲ್ಲಿಗೆ. ಅದರೊಳಗಿನ ಸಣ್ಣ ಚಕ್ರಕ್ಕೆ ಧೂಳಿನ ಕಣವೂ ಹೋಗಬಾರದು, ಅಂಥದ್ದಕ್ಕೆ ಇಷ್ಟು ಕುಂಕುಮ. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಬಸ್ಸಿನಲ್ಲಿ ಒಂದು ಮಾತು ನಿಜ ಹೇಳಬಾರದಿತ್ತೇ ಅಂತ ಕೇಳಿದೆ.

"ನಾ ಎಲ್ಲಿ ಸುಳ್ಳು ಹೇಳೀನಿ?" ಅಂದರು ಅತ್ತೆ, ಸೊಂಟ ನೀವಿಕೊಳ್ಳುತ್ತ. "ಇಂಥಾದ್ದು ಇನ್ನೂ ಒಂದು ಐತೇನು? ಮುಂದಿನ ವಾರ ಮತ್ತ ಊರಿಗೆ ಹೋಗಾಕಿ ಅದೀನಿ. ಕುಂತು ಬರಾಕ ಆಗ್ತೈತಿ."

ಕಂಬ ಏರಿದವನು

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಚಾಲೂ ಮಾಡುವ ದಿನ. ಸುಡುವ ಬೇಸಿಗೆ. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಕೀಲಿ ತಿರುವಿದೆ. ಎಂಜಿನ್ ಕೆಮ್ಮಿತು, ನಡುಗಿತು, ಆಮೇಲೆ ಢಂ ಅಂತ ಒಂದೇ ಒಂದು ಸದ್ದು. ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಸ್ಪಾರ್ಕ್ ಪ್ಲಗ್ಗಿನ ಎರಡು ವೈರು ಅದಲುಬದಲಾಗಿದ್ದವು, ಅಷ್ಟೇ. ನಾನು ಬಾನೆಟ್ಟಿನೊಳಗೆ ತಲೆಯಿಟ್ಟು ಅದನ್ನು ಹುಡುಕುತ್ತಿದ್ದರೆ ಹೊರಗೆ ಬೇರೆಯೇ ನಡೆಯುತ್ತಿತ್ತು.

ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಹೆಡ್‌ಮಾಸ್ತರು ಕರೆಂಟಿನ ಆಫೀಸಿಗೆ ಫೋನ್ ಮಾಡಿದ್ದರು. ಲೈನ್‌ಮನ್ ಬಂದ. ಪರೀಕ್ಷೆ ಮಾಡಲೆಂದು ಓಣಿಯ ಕರೆಂಟು ತೆಗೆದ. ಫ್ಯಾನು ನಿಂತವು, ಕೂಲರು ನಿಂತವು, ಜನ ಬೀಸಣಿಗೆ ಹಿಡಿದು ಹೊರಗೆ ಬಂದರು. ಅವನು ಬಿಸಿಲಲ್ಲಿ ಒಂದೊಂದೇ ಕಂಬ ಏರಿ ಇಳಿದ. ಏನೂ ಸಿಗಲಿಲ್ಲ. ಕರೆಂಟು ವಾಪಸ್ ಕೊಟ್ಟ. ಎಲ್ಲವೂ ಸರಿಯಿತ್ತು, ಮೊದಲೂ ಸರಿಯಾಗಿಯೇ ಇತ್ತಲ್ಲ.

ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ಹೋಗಿ, ಸದ್ದು ನಮ್ಮ ಗಾಡಿಯದಪ್ಪ, ನಿನಗೆ ವೃಥಾ ತೊಂದರೆಯಾಯಿತು ಅಂದೆ. ಎಲ್ಲರಿಗೂ ಹೇಳಿಬಿಡುತ್ತೇನೆ ಅಂತಲೂ ಅಂದೆ. ಅವನು ಹೌಹಾರಿ ಸುತ್ತ ನೋಡಿದ.

"ಅಕ್ಕಾರ, ನಿಮಗ ಕೈ ಮುಗಿತೀನಿ, ಸುಮ್ನಿರ್ರಿ. ಇಷ್ಟು ಲಗೂನ ರಿಪೇರಿ ಮಾಡಿದ್ನಿ ಅಂತ ಒಂದು ಮನ್ಯಾಗ ಶರಬತ್ತು ಕೊಟ್ಟಾರ, ಇನ್ನೊಂದು ಮನ್ಯಾಗ ಊಟಕ್ಕ ಕರದಾರ. ಊಟ ಆಗೂತನಕರ ತಡೀರಿ."

ಕುರುಗೋಡಿನ ಬಯಲು

ವೈರು ಸರಿಮಾಡಿದ ಮೇಲೆ ಎಂಜಿನ್ ಚಾಲೂ ಆಯಿತು. ಅಪ್ಪ ಇದ್ದಿದ್ದರೆ ಅನ್ನಿಸಿ, ಬಿಸಿಯಾಗುತ್ತಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ.

ಇಂಥ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವಂತಿಲ್ಲ, ಲಾರಿಯ ಮೇಲೆ ಹೇರಿಕೊಂಡೇ ಕುರುಗೋಡಿಗೆ ಹೋದೆವು. ಬೆಳೆ ತೆಗೆದ ದೊಡ್ಡ ಬಯಲು, ಸುತ್ತ ಹಗ್ಗ ಕಟ್ಟಿದ್ದರು, ಆಚೆ ಜನ. ಒಂದೊಂದೇ ಗಾಡಿ ಎರಡು ಸುತ್ತು ಹೊಡೆಯಬೇಕು. ಓಡಿಸುವವರಲ್ಲಿ ನಾನೊಬ್ಬಳೇ ಹೆಂಗಸು. ಅಣ್ಣನೂ ಬಂದು ಕೈಕಟ್ಟಿ ನಿಂತಿದ್ದ. ಅವನ ಕಣ್ಣೆದುರು ಎಂಜಿನ್ ಒಡೆದರೆ ಜೀವಮಾನವೆಲ್ಲ ಹೊಲಿಗೆ ಮಿಷನ್ನಿನ ಮಾತೇ.

ಓಡಿಸುವವರ ಪಕ್ಕದಲ್ಲಿ ಒಬ್ಬರು ಕೂಡಬೇಕೆಂಬ ನಿಯಮ. ನಮ್ಮನೆಯವರು ಕೂತರು. ನಾನು ನಿಂತಲ್ಲೇ ಒಂದು ಸಲ ಆಕ್ಸಿಲರೇಟರ್ ಒತ್ತಿ ತೋರಿಸಿದೆ. ಇಳಿದುಬಿಟ್ಟರು. ಅತ್ತೆ ಸೆರಗು ಸಿಗಿಸಿ, ಹೆಲ್ಮೆಟ್ ಹಾಕಿಸಿಕೊಂಡು ಆ ಜಾಗದಲ್ಲಿ ಕೂತರು. ಟರ್ಬೊ ಗಾಡಿ ಒತ್ತಿದ ಕೂಡಲೇ ಓಡುವುದಿಲ್ಲ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಳೆಯುತ್ತದೆ, ಹೆದರಬೇಡಿ ಅಂದೆ. "ನನ್ನ ಮಗನೂ ಹಂಗ, ಕರೆದ್ರ ಗಳಿಗಿ ತಡದ ಏಳ್ತಾನ" ಅಂದರು ಅತ್ತೆ.

ಬಾವುಟ ಬಿತ್ತು. ಒತ್ತಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಎರಡೂ ಕೈಯಲ್ಲಿ ನೂಕಿದ ಹಾಗೆ ಗಾಡಿ ಹಾರಿತು. ಮೊದಲ ಸುತ್ತು ಹೇಗೆ ಮುಗಿಯಿತೋ ತಿಳಿಯಲಿಲ್ಲ. ಎಂಜಿನ್ ಹಾಡುತ್ತಿತ್ತು. ಜನ ನಿಂತ ಕಡೆಗೆ ಬಂದಾಗ ಅತ್ತೆ ನನ್ನ ತೋಳು ಹಿಡಿದರು.

"ನಿಲ್ಲಸು. ಬೀಗರು ನಿಂತಾರ."

ನಿಜವೇ. ನಮ್ಮ ನಾದಿನಿಯನ್ನು ಕೊಟ್ಟದ್ದು ಕುರುಗೋಡಿಗೆ. ಅವಳ ಅತ್ತೆ ಮಾವ ಹೊಲದಿಂದ ಬರುತ್ತ, ಕೈಯಲ್ಲಿ ಚೀಲ ಹಿಡಿದು ಹಗ್ಗದ ಹತ್ತಿರ ನಿಂತಿದ್ದರು. ಇದು ಓಟ, ನಿಲ್ಲಿಸುವ ಹಾಗಿಲ್ಲ ಅಂತ ಕೂಗಿದೆ. ಅತ್ತೆ ಕೇಳಲಿಲ್ಲ. "ಕಣ್ಣಾರೆ ಕಂಡಾರ. ಮಾತಾಡಸದ ಹೋದ್ರ ಮಗಳು ಅವರ ಮನ್ಯಾಗ ಬಾಳ್ವಿ ಮಾಡಬೇಕೋ ಬ್ಯಾಡೋ?"

ಬ್ರೇಕ್ ಹಾಕಿದೆ. ಧೂಳು ಇಳಿಯುವ ಮೊದಲೇ ಅತ್ತೆ ಗಾಜು ಇಳಿಸಿ, ಹೆಲ್ಮೆಟ್ಟಿನೊಳಗಿಂದಲೇ ಕ್ಷೇಮ ಸಮಾಚಾರ ಕೇಳಿದರು. ಬೀಗರು ಮಳೆ ಬೆಳೆ ಹೇಳಿದರು. ಮಾತಿನ ನಡುವೆ ಅತ್ತೆ ವಾಡಿಕೆಯಂತೆ ಬರ್ರಿ, ಕೂಡ್ರಿ ಅಂದರು. ಅವರು ಹಿಂದಿನ ಬಾಗಿಲು ತೆಗೆದು, ಚೀಲದ ಸಮೇತ ಕೂತೇಬಿಟ್ಟರು. ಬಾವುಟದ ಹುಡುಗ ಓಡಿ ಬರುತ್ತಿದ್ದ. ಅವನು ಬಂದು ಸೇರುವುದರೊಳಗೆ ನಾನು ಮತ್ತೆ ಒತ್ತಿದೆ. ನಾಲ್ಕು ಜನ, ಒಂದು ಚೀಲ ಒಣಮೆಣಸಿನಕಾಯಿ. ಒಂದು ಗಳಿಗೆ ಸುಮ್ಮನಿದ್ದು, ಆ ಸಣ್ಣ ಎಂಜಿನ್ ಎಲ್ಲರನ್ನೂ ಎತ್ತಿಕೊಂಡು ಹಾರಿತು. ಮೆಣಸಿನಕಾಯಿಗೆ ಸೀನು ಬಂತು, ಎಲ್ಲರಿಗೂ.

ಮುಗಿಸಿ ನಿಲ್ಲಿಸಿದಾಗ ಜನ ಹಗ್ಗ ದಾಟಿ ಬಂದರು. ನಾವು ಗೆಲ್ಲಲಿಲ್ಲ. ಕೊನೆಯವರೂ ಆಗಲಿಲ್ಲ, ಒಂದು ಗಾಡಿ ಚಾಲೂ ಆಗಿರಲೇ ಇಲ್ಲ. ಅಣ್ಣ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಒಂದು ಹನಿ ಆಯಿಲ್ ಕೂಡ ಸೋರಿಲ್ಲ ಅಂತ ಮೆಲ್ಲಗೆ ಅಂದ. ನನಗೆ ಅಷ್ಟೇ ಸಾಕಾಗಿತ್ತು, ಕಣ್ಣು ತುಂಬಿತು. ಮೆಣಸಿನಕಾಯಿಯ ಘಾಟು ಅಂದೆ.

ಆಗ ಬೀಗರು ಮೆಲ್ಲಗೆ ಇಳಿದರು. ರುಮಾಲು ಸರಿಮಾಡಿಕೊಂಡು ಸುತ್ತ ನೋಡಿದರು. ಅದೇ ಹಗ್ಗ, ಅದೇ ಜನ. ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಅಲ್ಲವ್ವ ತಂಗಿ, ಬಸ್ ಸ್ಟ್ಯಾಂಡಿಗೆ ಬಿಡ್ತೀರಿ ಅಂತ ನಾವು ಹತ್ತಿದ್ವಿ. ಇಷ್ಟು ಜೋರು ಓಡಿಸಿ, ಹತ್ತಿದಲ್ಲೇ ತಂದು ಇಳಿಸಿದ್ಯಲ್ಲ."