ಕಿತ್ತು ನೋಡಿದರೆ ಹೆಸರು

ಐವತ್ತು ದಾಟಿದ ಗಂಡಸು ಹೊಲದ ಬದುವಿನ ಮೇಲೆ ಬೋರಲು ಮಲಗಿದ್ದರೆ ನೋಡಿದವರು ಎರಡರಲ್ಲಿ ಒಂದನ್ನು ತಿಳಿದುಕೊಳ್ಳುತ್ತಾರೆ. ಕುಡಿದಿದ್ದಾನೆ, ಇಲ್ಲವೇ ತೀರಿಕೊಂಡಿದ್ದಾನೆ. ಹೂವಿನ ಫೋಟೋ ತೆಗೆಯುತ್ತಿದ್ದಾನೆ ಎಂದು ಕಾಗಿನೆಲೆ ರಸ್ತೆಯಲ್ಲಿ ಹೋಗುವ ಯಾರಿಗೂ ಹೊಳೆಯುವುದಿಲ್ಲ. ಶಿವರಾತ್ರಿ ಮುಗಿದ ವಾರ ಒಬ್ಬರು ಬೈಕು ನಿಲ್ಲಿಸಿ, ಓಡಿ ಬಂದು, ನನ್ನ ಮೂಗಿನ ಮುಂದೆ ಕೈಯಿಟ್ಟು ನೋಡಿದರು. ಉಸಿರು ಬಿಟ್ಟರೆ ಹೂ ಅಲ್ಲಾಡುತ್ತದೆಂದು ನಾನು ಆಗ ಉಸಿರು ಬಿಗಿಹಿಡಿದಿದ್ದೆ. "ಯಣ್ಣಾ, ಅದೀಯೋ ಇಲ್ಲೋ" ಎಂದರು ಗಾಬರಿಯಿಂದ. "ಅದೀನಪಾ, ಸ್ವಲ್ಪ ಆ ಕಡೆ ಸರಿ, ನೆರಳು ಬೀಳತೈತಿ" ಎಂದೆ. ಮನುಷ್ಯ ಬದುಕಿರುವುದಕ್ಕೆ ಅಷ್ಟು ಬೇಜಾರು ಮಾಡಿಕೊಂಡವರನ್ನು ನಾನು ನೋಡಿಲ್ಲ.

ಬ್ಯಾಡಗಿಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ; ಮನೆ, ಹೊಲ ಹತ್ತಿರದ ಹಳ್ಳಿಯಲ್ಲಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ತಂತಿ ಸುತ್ತಲು ಕುಳಿತವನು ಇನ್ನೂ ಸುತ್ತುತ್ತಿದ್ದೇನೆ. ನಾನು ಸುತ್ತಿದ ಪಂಪ್‌ಸೆಟ್ ನನ್ನ ತಪ್ಪಿನಿಂದ ಸುಟ್ಟು ವಾಪಸು ಬಂದದ್ದಿಲ್ಲ. ಇದನ್ನು ಜಂಬ ಅಂತ ತಿಳಿಯುವವರು ತಿಳಿಯಲಿ. ತಂತಿ ಎಲ್ಲಿ ಸುಟ್ಟಿದೆ ಎಂದು ಹುಡುಕಲು ನನ್ನ ಕಿಸೆಯಲ್ಲಿ ಸದಾ ಒಂದು ಸಣ್ಣ ಭೂತಗನ್ನಡಿ ಇರುತ್ತದೆ. ಹೋದ ವರ್ಷ ನಮ್ಮ ಹೊಲದ ಪಂಪು ಬಿಚ್ಚುವಾಗ ಒಂದು ಸ್ಕ್ರೂ ಹುಲ್ಲಿನಲ್ಲಿ ಬಿತ್ತು. ಅದೇ ಕನ್ನಡಿ ಹಿಡಿದು ಹುಡುಕಿದೆ. ಸ್ಕ್ರೂ ಸಿಗಲಿಲ್ಲ. ಅಕ್ಕಿಕಾಳಿನಷ್ಟು ಅಗಲದ ಒಂದು ನೀಲಿ ಹೂ ಸಿಕ್ಕಿತು. ಒಳಗೆ ಬಿಳಿಯ ಗೆರೆಗಳು, ನಡುವೆ ಹಳದಿ ಚುಕ್ಕೆ. ಇಷ್ಟು ಚೊಕ್ಕ ಕೆಲಸವನ್ನು ನಾನು ಯಾವ ಕಾರ್ಖಾನೆಯ ಮೋಟಾರಿನಲ್ಲೂ ಕಂಡಿರಲಿಲ್ಲ. ಅಂದಿನಿಂದ ಕನ್ನಡಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡು ಮಲಗುತ್ತಾ ಬಂದಿದ್ದೇನೆ. ಕಷ್ಟವೆಂದರೆ ಈ ಸಣ್ಣ ಹೂಗಳು ಅರಳುವುದೂ ಬ್ಯಾಡಗಿ ಪೇಟೆಗೆ ಒಣಮೆಣಸಿನಕಾಯಿ ಬಂದು ಬೀಳುವುದೂ ಒಂದೇ ಕಾಲಕ್ಕೆ. ಪೇಟೆಯ ಘಾಟು ಅಂಗಿಯಲ್ಲೇ ಉಳಿದು ಹೊಲದವರೆಗೂ ಬರುತ್ತದೆ. ನನ್ನ ಮೊಬೈಲಿನಲ್ಲಿ ಸೀನು ಬಂದು ಅಲ್ಲಾಡಿ ಕೆಟ್ಟ ಹೂಗಳೇ ಹೆಚ್ಚು.

ಹೀಗಿರುವಾಗ ನಮ್ಮ ಹಳ್ಳಿಯ ಶಾಲೆಯ ಟೀಚರು, ನಾವು ಅಕ್ಕೋರು ಎನ್ನುತ್ತೇವೆ, ಶಾಲೆಯ ಪಂಪು ಕೆಟ್ಟಿದೆ ಎಂದು ಅಂಗಡಿಗೆ ಬಂದರು. ನಾನು ಫೋಟೋಗಳನ್ನು ತೋರಿಸಿದೆ. ತೋರಿಸದೆ ಯಾವ ಗಿರಾಕಿಯನ್ನೂ ಬಿಡುವುದಿಲ್ಲ. "ಬಸಣ್ಣಾರ, ಎಂಟು ಚಿತ್ರ ದೊಡ್ಡದು ಮಾಡಿಸಿ ಕೊಡ್ರಿ. ಮಕ್ಕಳಿಗೆ ಗ್ವಾಡಿಗೆ ಹಾಕೂಣು. ಕೆಳಗ ಹೆಸರು ಬರೀರಿ. ಹೆಸರು ಗೊತ್ತದಾವಲ್ರಿ?" ಎಂದರು. ನಾನು ಅರ್ಧಕ್ಕೆ ಬಿಟ್ಟು ಬಂದ ಶಾಲೆ ಅದು. ಅದರ ಗೋಡೆಯ ಮೇಲೆ ನನ್ನ ಕೆಲಸ. "ಗೊತ್ತಿಲ್ಲದ ಏನ್ರಿ ಅಕ್ಕೋರ" ಎಂದುಬಿಟ್ಟೆ. ಎಂಟರಲ್ಲಿ ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ.

ರಾಣೆಬೆನ್ನೂರಿಗೆ ಹೋಗಿ ದೊಡ್ಡದಾಗಿ ಪ್ರಿಂಟು ಹಾಕಿಸಿದೆ. ಹೆಸರು ಗೊತ್ತಿದ್ದವರು ಯಾರು ಎಂದು ಮೂರು ದಿನ ಯೋಚಿಸಿದೆ. ಮದುವೆಯಾದಾಗಿನಿಂದ ಹೊಲದಲ್ಲಿ ಬಗ್ಗಿ ಕಸ ತೆಗೆಯುತ್ತಿರುವ ನನ್ನ ಹೆಂಡತಿ ನೀಲವ್ವ ಎದುರಿಗೇ ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿಯನ್ನು ಕೇಳಬೇಕೆಂದು ಗಂಡಸಿಗೆ ಹೊಳೆಯಲು ಮೂರು ದಿನ ಹೆಚ್ಚಲ್ಲ. ಅವಳು ಕೈ ಒರೆಸಿಕೊಂಡು ಎಲ್ಲ ಚಿತ್ರಗಳನ್ನೂ ನೋಡಿದಳು.

"ಇವು ಯಾವ ದೇಶದ್ದುರಿ?"

"ನಮ್ಮ ಹೊಲದ್ದು."

"ಸುಳ್ಳು ಹೇಳಬ್ಯಾಡ್ರಿ. ತಾಟಿನಷ್ಟು ಅಗಲ ಅದಾವು. ಇಂಥಾವು ನಮ್ಮ ಹೊಲದಾಗ ಇದ್ರ ನನಗ ಕಾಣ್ತಿರಲಿಲ್ಲೇನು?"

ಮರುದಿನ ಬೆಳಿಗ್ಗೆ ಅವಳನ್ನು ಬದುವಿಗೆ ಕರೆದುಕೊಂಡು ಹೋಗಿ ಮೊದಲನೆಯ ಗಿಡ ತೋರಿಸಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಬೇರು ಸಮೇತ ಅವಳ ಕೈಯಲ್ಲಿತ್ತು. ಮಣ್ಣು ಝಾಡಿಸಿ ಬೇರು ನೋಡಿ, "ನೆಗ್ಗಿನಮುಳ್ಳು" ಎಂದಳು.

"ಕಿತ್ತಿ ಯಾಕ?"

"ಬೇರು ನೋಡದ ಹೆಂಗ ಹೇಳ್ಲಿ? ನಾ ಇವನ್ನ ಮುಖ ಮಾರಿ ನೋಡಿ ಗುರ್ತು ಹಿಡದಾಕಿ ಅಲ್ರಿ, ಕೈಯಾಗ ಹಿಡದು ಗುರ್ತು ಹಿಡದಾಕಿ."

ಎರಡನೆಯದು ತುಂಬೆ ಗಿಡ, ಅದೂ ಹೋಯಿತು. ಮೂರನೆಯದರ ಹಳದಿ ಹೂವನ್ನು ಬಂಗಾರದ ಬಿಲ್ಲೆ ಎಂದು ನಾನು ಊರೆಲ್ಲ ಹೇಳಿದ್ದೆ. ಅವಳು ನಕ್ಕಳು. "ಹಕ್ಕರಕಿರಿ. ನಿನ್ನೆ ರೊಟ್ಟಿ ಜೋಡಿ ಹಸೇದ ತಿಂದು, ಇನ್ನೊಂದು ಸ್ವಲ್ಪ ಹಾಕು ಅಂದ್ರಲ್ಲ." ಹೀಗೆ ಏಳು ಹೆಸರು ಸಿಕ್ಕವು, ಏಳು ಗಿಡ ಹೋದವು. ನಾನು ಹೆಸರು ಬರೆದುಕೊಳ್ಳುತ್ತಾ ಹಿಂದೆ ಹಿಂದೆ ನಡೆದೆ.

ಉಳಿದದ್ದು ಪಂಪಿನ ಬುಡದ ನೀಲಿ ಹೂ. ಅದೊಂದೇ ಗಿಡ. ಬದುವಿನುದ್ದಕ್ಕೂ ಹುಡುಕಿದರೂ ಇನ್ನೊಂದು ಸಿಕ್ಕಿರಲಿಲ್ಲ. ಅವಳ ಕೈ ಮುಂದೆ ಹೋಯಿತು. ನಾನು ಮಣಿಕಟ್ಟು ಹಿಡಿದೆ. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಕೆಂಪಗಾದ ಬೆರಳುಗಳು, ಉಗುರಿನಲ್ಲಿ ಏಳು ಗಿಡದ ಮಣ್ಣು. ಆ ಕೈಯನ್ನು ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ. "ಯಾರರ ನೋಡ್ಯಾರು, ಬಿಡ್ರಿ" ಎಂದಳು. ನಾನು ಭೂತಗನ್ನಡಿ ಕೊಟ್ಟೆ. ಅವಳು ಮೊಣಕಾಲೂರಿ ಬಗ್ಗಿದಳು. ಅವಳ ಉಸಿರಿಗೆ ಹೂ ಅಲ್ಲಾಡಿತು. ಅವಳೂ ಉಸಿರು ಹಿಡಿದಳು. ಬಹಳ ಹೊತ್ತಿನ ಮೇಲೆ ಎದ್ದು, ಸೆರಗು ಝಾಡಿಸಿ, "ಇದು ಇರ್ಲಿ ಬಿಡ್ರಿ" ಎಂದಳು.

ಶಾಲೆಗೆ ಎಂಟು ಚಿತ್ರ ಒಯ್ದೆ. ಎಂಟನೆಯದರ ಕೆಳಗೆ ಖಾಲಿ ಬಿಟ್ಟಿದ್ದೆ. ಅಕ್ಕೋರು ಅದರ ಮೇಲೇ ಬೆರಳಿಟ್ಟರು. ದಾರಿಯುದ್ದಕ್ಕೂ ಒಂದು ಹೆಸರು ಹುಟ್ಟಿಸಿಕೊಂಡು ಬಂದಿದ್ದೆ, ಹೇಳಿದ್ದರೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಆದರೆ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತವೆ. "ಅದರ ಹೆಸರು ಗೊತ್ತಿಲ್ರಿ ಅಕ್ಕೋರ" ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದೂ ತಾನಾಗಿ ಬಂತು. "ಉಳಿದ ಏಳೂ ನನಗ ಗೊತ್ತಿರಲಿಲ್ಲ. ನಮ್ಮ ಮನಿಯಾಕಿ ಹೇಳಿದ್ದು." ಅವರು ನಗಲಿಲ್ಲ. ಚಿತ್ರಗಳ ಕೆಳಗೆ ನನ್ನ ಹೆಸರಿನ ಪಕ್ಕ ನೀಲವ್ವನ ಹೆಸರನ್ನೂ ಬರೆಸಿದರು.

ಮನೆಗೆ ಬಂದು ಹೇಳಿದೆ. ತನ್ನ ಹೆಸರು ಶಾಲೆಯ ಗೋಡೆಯ ಮೇಲಿದೆ ಎಂದಾಗ ಅವಳು ಒಲೆಯ ಕಡೆ ತಿರುಗಿಕೊಂಡಳು. ಆಮೇಲೆ ತಿರುಗಿದಾಗ, "ಆ ನೀಲಿದರ ಹೆಸರು ಗೊತ್ತೈತಿ ನನಗ" ಎಂದಳು.

"ಕೀಳದ ಹೆಂಗ ಗೊತ್ತಾತು?"

"ಕಿತ್ತಿಲ್ಲೇನು ಇಷ್ಟು ವರ್ಷ? ಅವತ್ತು ಅದರ ಮಾರಿ ನೋಡಿದ ಮ್ಯಾಲೆ ನೆನಪಾತು."

"ಮತ್ತ ಹೇಳಬೇಕಿಲ್ಲೇನು?"

"ಹೆಸರು ಬಾಯಿಗೆ ಬಂದ್ರ ಕೈ ಸುಮ್ನಿರಂಗಿಲ್ರಿ ನಂದು."

ಉಗಾದಿ ಹತ್ತಿರ ಬಂತು. ಆ ಗಿಡ ಇನ್ನೂ ಪಂಪಿನ ಬುಡದಲ್ಲಿದೆ. ಊರವರ ಮೋಟಾರಿನ ರೋಗವನ್ನೆಲ್ಲ ಸದ್ದು ಕೇಳಿಯೇ ಹೇಳುವ ನಾನು ದಿನವೂ ಊಟಕ್ಕೆ ಕುಳಿತಾಗ ಸಣ್ಣ ದನಿಯಲ್ಲಿ ಅದರ ಹೆಸರು ಕೇಳುತ್ತೇನೆ. ಅವಳು ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.